ಘಾನಾಗೆ ಕ್ಯಾಮೆರಾ ಹಿಡ್ಕೊಂಡು ಹೋಗೋರಿಗೆ: ಕರಾವಳಿನಾ, ಕುಮಾಸಿನಾ, ಉತ್ತರಾನಾ?

ಕೆಲಸದ ಮೇಲೆ ಎರಡು ವರ್ಷ ಟೆಮಾದಲ್ಲಿದ್ದೆ, ಅಕ್ರಾ ಪಕ್ಕದ ಬಂದರು ಊರು ಅದು. ವಾಪಸ್ ಬಂದ್ಮೇಲೆ ಆಗಾಗ ಯಾರಾದ್ರೂ ಕೇಳ್ತಾನೇ ಇರ್ತಾರೆ, "ಘಾನಾಗೆ ಹತ್ತು ದಿನ ಹೋಗ್ತಿದೀನಿ ಗುರು, ಫೋಟೋಗೆ ಎಲ್ಲೆಲ್ಲಿ ಹೋಗ್ಲಿ, ಯಾವ ಲೆನ್ಸ್ ತಗೊಂಡು ಹೋಗ್ಲಿ" ಅಂತ. ಜೊತೆಗೆ ಒಂದು ಲಿಸ್ಟ್ ಕಳಿಸ್ತಾರೆ: ಅಕ್ರಾ, ಕೇಪ್ ಕೋಸ್ಟ್, ಎಲ್ಮಿನಾ, ಕಾಕುಮ್ ಕಾಡು, ಕುಮಾಸಿ, ಮೋಲೆ ಪಾರ್ಕ್, ವೊಲ್ಟಾ ಕೆರೆ, ನೀರಿನ ಮೇಲಿರೋ ನ್ಜುಲೆಜೊ ಹಳ್ಳಿ. ಅಷ್ಟೂ ನೋಡೋಕೆ ಹೋದ್ರೆ ಹತ್ತರಲ್ಲಿ ಐದಾರು ದಿನ ಬಸ್ಸಲ್ಲೇ ಕಳೀತೀರ, ಬಸ್ ಕಿಟಕಿಯಿಂದ ತೆಗೆದ ಮಸುಕು ಫೋಟೋ ಮಾತ್ರ ಚೆನ್ನಾಗಿ ಸಿಗತ್ತೆ. ಅದಕ್ಕೆ ಲೆನ್ಸ್ ವಿಷಯ ಆಮೇಲೆ, ಮೊದಲು ಮೂರು ದಿಕ್ಕಲ್ಲಿ ಒಂದು ಆರಿಸ್ಕೊಳ್ಳಿ ಅಂತೀನಿ. ಜನರ ಮುಖ, ಕಡಲು, ದೋಣಿ ಬೇಕಾ, ಕರಾವಳಿ. ನೇಯ್ಗೆ, ಬಣ್ಣ, ಅರಮನೆ ಆಚರಣೆ ಬೇಕಾ, ಕುಮಾಸಿ. ಬಯಲು, ಮಣ್ಣಿನ ಕಟ್ಟಡ, ಆನೆ ಬೇಕಾ, ಉತ್ತರ. ಎರಡು ಆರಿಸ್ಕೊಂಡ್ರೂ ಹೇಗೋ ನಡೆಯತ್ತೆ, ಮೂರೂ ಬೇಕು ಅಂದ್ರೆ ಮೂರು ವಾರ ರಜೆ ಹಾಕಿ.

ಸೆನೆಗಲ್ ಅಥವಾ ಬೆನಿನ್ ಯಾಕಲ್ಲ ಅಂತಾನೂ ಕೇಳ್ತಾರೆ. ಎರಡೂ ಕಡೆ ಫೋಟೋಗೆ ಬೇಕಾದಷ್ಟಿದೆ, ಸೇಂಟ್ ಲೂಯಿಯ ಹಳೇ ಬೀದಿಗಳು, ಗೋರೆ ದ್ವೀಪ, ಬೆನಿನ್‌ನಲ್ಲಿ ಗಾನ್ವಿಯೆ ಅನ್ನೋ ನೀರಿನ ಊರು, ಜನವರಿ 10ರ ವೋಡುನ್ ಅನ್ನೋ ಅಲ್ಲಿನ ಹಳೇ ಧರ್ಮದ ಹಬ್ಬ. ಆದ್ರೆ ಅಲ್ಲೆಲ್ಲಾ ಫ್ರೆಂಚ್ ಬೇಕು. ಜನರ ಫೋಟೋ ತೆಗೆಯೋದು ಅಂದ್ರೆ ಅರ್ಧ ಕೆಲಸ ಮಾತಾಡೋದು, ಘಾನಾದಲ್ಲಿ ಇಂಗ್ಲಿಷ್ ಆಡಳಿತ ಭಾಷೆ, ನಮ್ಮ ಹರುಕು ಮುರುಕು ಇಂಗ್ಲಿಷ್‌ಗೂ ಅಲ್ಲಿ ನಗುನಗ್ತಾ ಉತ್ತರ ಕೊಡ್ತಾರೆ. ಮೊದಲ ಸಲ ಆ ಕಡೆ ಹೋಗೋರಿಗೆ ಇದೊಂದೇ ಕಾರಣ ಸಾಕು.

ಕರಾವಳಿ

ನನ್ನ ಓಟು ಇದಕ್ಕೇ, ಮುಚ್ಚಿಡೋದೇನಿಲ್ಲ. ಅಕ್ರಾದ ಹಳೇ ಕಡಲ ಬಡಾವಣೆ ಜೇಮ್ಸ್‌ಟೌನ್, ಅಲ್ಲಿಂದ ಪಶ್ಚಿಮಕ್ಕೆ ಸುಮಾರು 150 ಕಿಲೋಮೀಟರ್ ಕೇಪ್ ಕೋಸ್ಟ್, ಪಕ್ಕದಲ್ಲೇ ಎಲ್ಮಿನಾ. ಟ್ರಾಫಿಕ್ ಇಲ್ದಿದ್ರೆ ಮೂರು ಗಂಟೆ, ಆದ್ರೆ ಅಕ್ರಾದಿಂದ ಹೊರಗೆ ಬರೋದೇ ಬೆಂಗಳೂರಿನ ಸಿಲ್ಕ್ ಬೋರ್ಡ್ ದಾಟಿದ ಹಾಗೆ, ಬೆಳಗ್ಗೆ ಐದಕ್ಕೇ ಹೊರಡಿ.

ಜೇಮ್ಸ್‌ಟೌನ್ ಬರೀ ಹಳೇ ಲೈಟ್‌ಹೌಸ್ ಇರೋ ಬಡಾವಣೆ ಅಲ್ಲ, ಫೋಟೋ ತೆಗೆಯೋರಿಗೆ ಅದು ಕ್ಷೇತ್ರ ಇದ್ದ ಹಾಗೆ. 1922ರಲ್ಲಿ ಶುರುವಾದ ದೇಯೊ ಗ್ರಾಸಿಯಾಸ್ ಸ್ಟುಡಿಯೋ ಇಲ್ಲೇ. ಜೇಮ್ಸ್ ಬಾರ್ನರ್ ಅನ್ನೋ ದೊಡ್ಡ ಫೋಟೋಗ್ರಾಫರ್ 1950ರ ದಶಕದಲ್ಲಿ ಎವರ್ ಯಂಗ್ ಅಂತ ಸ್ಟುಡಿಯೋ ಇಟ್ಟಿದ್ದೂ ಇಲ್ಲೇ, 1957ರಲ್ಲಿ ಸ್ವಾತಂತ್ರ್ಯ ಬಂದ ಹೊತ್ತಿನ ಘಾನಾನ ಅವರು ತೆಗೆದಿದಾರೆ. ಹೋಗೋ ಮುಂಚೆ ಅವರ ಫೋಟೋಗಳನ್ನ ಒಂದ್ಸಲ ನೋಡಿ. ಅಲ್ಲಿನವರು ತಮ್ಮನ್ನ ತಾವೇ ಹೇಗೆ ನೋಡ್ಕೊಂಡಿದಾರೆ ಅಂತ ಗೊತ್ತಾದ್ರೆ, ಚಿಂದಿ ಬಟ್ಟೆ ಮಕ್ಕಳು, ಮುರಿದ ಗೋಡೆ ಅಂತ ಹುಡುಕ್ಕೊಂಡು ಅಲೆಯೋ ಚಟ ತಾನಾಗೇ ಬಿಟ್ಟೋಗತ್ತೆ. ಪಕ್ಕದ ಬುಕೊಮ್ ಅಂತೂ ಬಾಕ್ಸಿಂಗ್ ಕೇರಿ, ಸಂಜೆ ಜಿಮ್‌ಗಳಲ್ಲಿ ಹುಡುಗರು ಹುಡುಗೀರು ಅಭ್ಯಾಸ ಮಾಡ್ತಿರ್ತಾರೆ, ಕೋಚ್ ಹತ್ರ ಹೋಗಿ ಕೇಳಿ ಒಂದಿಷ್ಟು ಕಾಣಿಕೆ ಕೊಟ್ರೆ ಒಳಗೆ ಬಿಡ್ತಾರೆ, ಒಂದು ಕಿಟಕಿ ಬೆಳಕು, ಬೆವರು, ಧೂಳು, ಇಷ್ಟಿದ್ರೆ ಇನ್ನೇನ್ ಬೇಕು.

ಒಂದು ಎಚ್ಚರಿಕೆ. ಹಳೇ ಫೋಟೋಗಳಲ್ಲಿ ಜೇಮ್ಸ್‌ಟೌನ್ ಬೀಚ್ ತುಂಬ ದೋಣಿ ಕಾಣ್ತಾವಲ್ಲ, ಅದನ್ನ ನೆಚ್ಕೊಂಡು ಹೋಗ್ಬೇಡಿ, ಆ ಜಾಗದಲ್ಲಿ ಚೀನಾ ದುಡ್ಡಲ್ಲಿ ಹೊಸ ಮೀನುಗಾರಿಕೆ ಬಂದರು ಕಟ್ಟಿದಾರೆ. ದೋಣಿಗೋಸ್ಕರಾನೇ ಹೋಗೋದಾದ್ರೆ ಎಲ್ಮಿನಾ ವಾಸಿ. ಬೆನ್ಯಾ ಹಿನ್ನೀರು ಕಡಲಿಗೆ ಸೇರೋ ಕಡೆ ಸೇತುವೆ ಮೇಲೆ ನಿಂತ್ರೆ ಎರಡೂ ಪಕ್ಕ ಒತ್ತೊತ್ತಾಗಿ ಬಣ್ಣದ ದೋಣಿಗಳು, ಒಂದೊಂದರ ಮೇಲೂ ಬೈಬಲ್ ವಾಕ್ಯನೋ ಗಾದೆನೋ ಫುಟ್‌ಬಾಲ್ ಕ್ಲಬ್ ಹೆಸರೋ ಬರೆದಿರತ್ತೆ, ನಮ್ಮ ಲಾರಿ ಹಿಂದೆ ಬರೀತಾರಲ್ಲ ಹಂಗೇ. ಎದುರಿನ ಸೇಂಟ್ ಜಾಗೋ ಗುಡ್ಡ ಹತ್ತಿದ್ರೆ ಕೋಟೆ, ಕಡಲು, ಹಾರ್ಬರ್ ಒಂದೇ ಫ್ರೇಮಲ್ಲಿ ಬರತ್ತೆ, ಸಂಜೆ ಐದರ ಮೇಲೆ ಹೋಗಿ.

ಮಂಗಳವಾರ ಮೀನು ಹಿಡಿಯಲ್ಲ ಅನ್ನೋದು ನೆನಪಿರಲಿ. ಅಕ್ರಾದ ಗಾ ಜನಕ್ಕೂ ಕೇಪ್ ಕೋಸ್ಟ್ ಕಡೆ ಫಾಂಟೆ ಜನಕ್ಕೂ ಅವತ್ತು ಸಮುದ್ರ ದೇವರಿಗೆ ವಿರಾಮ, ದೋಣಿ ಇಳಿಸೋ ಹಾಗಿಲ್ಲ. ಮೊದಲ ಸಲ ಗೊತ್ತಿಲ್ದೆ ಮಂಗಳವಾರ ಬೆಳಗ್ಗೆ ಐದೂವರೆಗೆ ಟ್ರೈಪಾಡ್ ಹೊತ್ಕೊಂಡು ಹೋಗಿ ಖಾಲಿ ಕಡಲು ನೋಡ್ತಾ ಕೂತಿದ್ದೆ. ಆಮೇಲೆ ಗೊತ್ತಾಯ್ತು, ಮುಖದ ಫೋಟೋ ಬೇಕು ಅನ್ನೋರಿಗೆ ಮಂಗಳವಾರನೇ ಒಳ್ಳೇದು. ಬೇರೆ ದಿನ ಬಲೆ ಎಳೀತಾ ಮೀನು ಹಂಚ್ತಾ ಜಗಳ ಆಡ್ತಾ ಇರೋರ ಮಧ್ಯೆ ಕ್ಯಾಮೆರಾ ತೂರಿಸಿದ್ರೆ ಬೈತಾರೆ, ಬೈಬೇಕಾದ್ದೇ. ಮಂಗಳವಾರ ಅದೇ ಜನ ನೆರಳಲ್ಲಿ ಕೂತು ಬಲೆ ಹೆಣೀತಿರ್ತಾರೆ, ಹರಟೆಗೆ ಸಮಯ ಇರತ್ತೆ.

ಕೋಟೆಗಳ ವಿಷಯ. ಎಲ್ಮಿನಾ ಕೋಟೆ ಪೋರ್ಚುಗೀಸರು 1482ರಲ್ಲಿ ಶುರು ಮಾಡಿದ್ದು, 1637ರಲ್ಲಿ ಡಚ್ಚರ ಕೈಗೆ ಹೋಯ್ತು. ಕೇಪ್ ಕೋಸ್ಟ್ ಕೋಟೆ ಬ್ರಿಟಿಷರ ಗುಲಾಮ ವ್ಯಾಪಾರದ ದೊಡ್ಡ ಕೇಂದ್ರ. ಸುಣ್ಣ ಬಳಿದ ಬಿಳಿ ಗೋಡೆ, ಕಡಲಿಗೆ ಮುಖ ಮಾಡಿರೋ ಫಿರಂಗಿ ಸಾಲು, ನೋಡೋಕೆ ಚಂದ, ಆ ಚಂದಾನೇ ಒಂಥರಾ ಹಿಂಸೆ. ಕೆಳಗೆ ಜನರನ್ನ ತುಂಬ್ತಿದ್ದ ಕತ್ತಲೆ ಕೋಣೆಗಳಿಗೆ ಗೈಡ್ ಕರ್ಕೊಂಡು ಹೋಗ್ತಾರೆ, ಜೊತೆಗೆ ಅಮೆರಿಕದಿಂದಲೋ ಕೆರಿಬಿಯನ್‌ನಿಂದಲೋ ತಮ್ಮ ಮುತ್ತಜ್ಜಂದಿರ ದಾರಿ ಹುಡುಕ್ಕೊಂಡು ಬಂದೋರು ಇರ್ತಾರೆ, ಕೆಲವರು ಅಳ್ತಿರ್ತಾರೆ. ಅಲ್ಲಿ ಕ್ಯಾಮೆರಾ ಬ್ಯಾಗೊಳಗೇ ಇರಲಿ. ಫೋಟೋ ಬೇಕೇ ಬೇಕು ಅಂದ್ರೆ ಟೂರ್ ಮುಗಿದ್ಮೇಲೆ ಗೈಡ್‌ಗೆ ಹೇಳಿ ಒಬ್ಬರೇ ವಾಪಸ್ ಹೋಗಿ ಖಾಲಿ ಕೋಣೆ ತೆಗೀರಿ. ಗುಲಾಮರನ್ನ ಹಡಗಿಗೆ ಸಾಗಿಸ್ತಿದ್ದ, ಡೋರ್ ಆಫ್ ನೋ ರಿಟರ್ನ್ ಅಂತಾರಲ್ಲ ಆ ಬಾಗಿಲು, ಅದರಾಚೆ ಇವತ್ತು ಮೀನುಗಾರರ ದೋಣಿ, ಮಕ್ಕಳ ಫುಟ್‌ಬಾಲ್. ಕತ್ತಲೆ ಚೌಕಟ್ಟು, ಆಚೆ ಆ ಬೆಳಕು, ನನ್ನ ಲೆಕ್ಕದಲ್ಲಿ ಕೋಟೆಯಲ್ಲಿ ತೆಗೆಯಲೇಬೇಕಾದ ಒಂದೇ ಫೋಟೋ ಅದು. ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡೋ ಬೆಳಕಿನ ಅಳತೆ) ಹೊರಗಿನ ಬೆಳಕಿಗೆ ಇಡಿ, ಒಳಗೆ ಕಪ್ಪಾದ್ರೆ ಆಗ್ಲಿ.

ಕಾಕುಮ್ ಕಾಡಿನ ತೂಗು ಸೇತುವೆ? ನಡೆಯೋಕೆ ಮಜಾ, ಏಳು ಸೇತುವೆ, ಎತ್ತರದ ಕಡೆ ನೆಲದಿಂದ 40 ಮೀಟರ್. ಫೋಟೋಗೆ ಮಾತ್ರ ಸುಮಾರು, ಬರೀ ಹಸಿರು ಮತ್ತು ಮುಂದಿನವರ ಬೆನ್ನು.

ಕುಮಾಸಿ

ಅಕ್ರಾದಿಂದ ಸುಮಾರು 250 ಕಿಲೋಮೀಟರ್, ಐದಾರು ಗಂಟೆ. ಅಶಾಂತಿ ಸಾಮ್ರಾಜ್ಯದ ರಾಜಧಾನಿ, ರಾಜರು ಈಗಲೂ ಇದಾರೆ, ಒಟುಮ್‌ಫುವೊ ಒಸೆಯಿ ಟುಟು ಎರಡನೇಯವರು, 1999ರಿಂದ. ಆರು ವಾರಕ್ಕೊಂದು ಭಾನುವಾರ ಮನ್ಹ್ಯಾ ಅರಮನೆಯಲ್ಲಿ ಅಕ್ವಾಸಿಡೆ ಅಂತ ಆಚರಣೆ ನಡೆಯತ್ತೆ, ದೊಡ್ಡ ದೊಡ್ಡ ಛತ್ರಿ, ಡೋಲು, ಕೊಂಬು, ಚಿನ್ನ. ಮೈಸೂರು ದಸರಾ ಖಾಸಗಿ ದರ್ಬಾರಿಗೆ ಸಾರ್ವಜನಿಕರನ್ನ ಬಿಟ್ರೆ ಹೇಗಿರತ್ತೋ ಹಾಗೆ ಅಂದ್ಕೊಳ್ಳಿ. ಟಿಕೆಟ್ ಬುಕ್ ಮಾಡೋ ಮುಂಚೆ ಆ ವರ್ಷದ ಅಕ್ವಾಸಿಡೆ ತಾರೀಖುಗಳನ್ನ ನೋಡ್ಕೊಳ್ಳಿ, ಒಂದು ಭಾನುವಾರ ತಪ್ಪಿದ್ರೆ ಇನ್ನೊಂದಕ್ಕೆ 42 ದಿನ ಕಾಯ್ಬೇಕು, ಅಷ್ಟರಲ್ಲಿ ನಿಮ್ಮ ವೀಸಾನೂ ಮುಗಿದಿರತ್ತೆ.

ಅದಕ್ಕಿಂತ ನನಗೆ ಇಷ್ಟ ಆಗಿದ್ದು ಬೋನ್ವೈರೆ, ಕುಮಾಸಿ ಹತ್ರದ ಕೆಂಟೆ ಅನ್ನೋ ಬಣ್ಣಬಣ್ಣದ ಪಟ್ಟಿ ಬಟ್ಟೆ ನೇಯೋರ ಊರು. ಕೆಂಟೆ ನೇಯ್ಗೆಯನ್ನ 2024ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸಿದಾರೆ. ಮಗ್ಗ ನೋಡ್ಬೇಕು ನೀವು, ನೇಯೋನು ಚೌಕಟ್ಟಿನ ಒಳಗೇ ಕೂತಿರ್ತಾನೆ, ಕಾಲ್ಬೆರಳಲ್ಲಿ ದಾರ ಹಿಡಿದು ಎಳೀತಾನೆ, ಹಾಸು ಅವನ ಮುಂದೆ ಎಷ್ಟೋ ಅಡಿ ದೂರ ಚಾಚಿರತ್ತೆ, ಅದರ ತುದಿಯಲ್ಲಿ ಬಿಗಿಯಾಗಿರಲಿ ಅಂತ ಕಲ್ಲು ಹೇರಿದ ಹಲಗೆ. ಬರೋದು ಬರೀ ನಾಲ್ಕು ಬೆರಳಗಲದ ಪಟ್ಟಿ, ಅವನ್ನ ಸಾಲಾಗಿ ಹೊಲಿದ್ರೆ ಬಟ್ಟೆ. ಇಳಕಲ್ಲಲ್ಲಿ ಗುಂಡಿ ಮಗ್ಗ ನೋಡಿದೋರಿಗೆ ಇದು ಬೇರೆ ಗ್ರಹದ್ದು ಅನ್ಸತ್ತೆ. ಆ ಉದ್ದ ಹಾಸನ್ನ ಕ್ಯಾಮೆರಾ ಕೆಳಗಿಟ್ಟು ತೆಗೆದ್ರೆ ರೈಲು ಹಳಿ ತರ ಓಡಿ ಹೋಗಿ ನೇಕಾರನ ಮುಖಕ್ಕೆ ಮುಟ್ಟತ್ತೆ, ಹಾಗೇ ತೆಗೀರಿ. ಒಳಗೆ ಕತ್ತಲೆ ಜಾಸ್ತಿ, ಎಫ್ 1.8ವರೆಗೆ ತೆರೆದು ಜಾಸ್ತಿ ಬೆಳಕು ಬಿಡೋ ಪ್ರೈಮ್ (ಝೂಮ್ ಇಲ್ಲದ) ಲೆನ್ಸ್ ಕೈಹಿಡಿಯೋದು ಇಲ್ಲೇ. ನ್ಟೊನ್ಸೊ ಅನ್ನೋ ಇನ್ನೊಂದು ಹಳ್ಳೀಲಿ ಮರದ ತೊಗಟೆ ಕುದಿಸಿ ಮಾಡಿದ ಬಣ್ಣಕ್ಕೆ ಸೋರೆಬುರುಡೆ ಅಚ್ಚು ಅದ್ದಿ ಬಟ್ಟೆ ಮೇಲೆ ಅಡಿಂಕ್ರಾ ಅನ್ನೋ ಅರ್ಥ ತುಂಬಿದ ಚಿಹ್ನೆ ಒತ್ತುತಾರೆ, ಅರ್ಧ ದಿನ ಸಾಕು.

ಕುಮಾಸಿಯ ದೊಡ್ಡ ಕೆಜೆಟಿಯಾ ಮಾರ್ಕೆಟ್ ಬಗ್ಗೆ ಎಲ್ಲರೂ ಹೇಳ್ತಾರೆ. ತುಕ್ಕು ಹಿಡಿದ ತಗಡಿನ ಸಮುದ್ರ ಅಂತ ಹಳೇ ಫೋಟೋಗಳಲ್ಲಿ ಇದ್ದಿದ್ದರ ದೊಡ್ಡ ಭಾಗ ಹೋಗಿ ಹೊಸ ಕಟ್ಟಡ ಬಂದಿದೆ. ಹೋಗಿ ಬನ್ನಿ, ಆದ್ರೆ ಕುಮಾಸಿಗೆ ಹೋಗೋಕೆ ಅದೇ ಕಾರಣ ಆಗೋದು ಬೇಡ.

ಇನ್ನೊಂದು, ಶನಿವಾರ ದಾರೀಲಿ ಕಪ್ಪು ಕೆಂಪು ಬಟ್ಟೆ ಹಾಕಿರೋ ಜನರ ಗುಂಪು ಕಾಣ್ತು ಅಂದ್ರೆ ಅದು ಸಾವಿನ ಕಾರ್ಯ. ತುಂಬು ಜೀವನ ಮಾಡಿ ಹೋದ ಹಿರಿಯರಾಗಿದ್ರೆ ಕಪ್ಪು ಬಿಳುಪು. ಪೆಂಡಾಲ್, ಸ್ಪೀಕರ್, ಡ್ಯಾನ್ಸ್ ಎಲ್ಲಾ ಇರತ್ತೆ, ಮದುವೆ ಅಂದ್ಕೊಂಡು ನುಗ್ಗಬೇಡಿ. ಕರೆದ್ರೆ ಹೋಗಿ, ಮೊದಲು ಸಾಲಾಗಿ ಕೂತಿರೋ ಮನೆಯವರಿಗೆಲ್ಲಾ ಬಲಗೈಯಲ್ಲಿ ಕೈಕುಲುಕಿ, ಆಮೇಲೆ ಕೇಳಿ ಕ್ಯಾಮೆರಾ ತೆಗೀರಿ.

ಉತ್ತರ

ಆನೆ ನೋಡೋಕೆ ಅಂತ ಘಾನಾ ಉತ್ತರಕ್ಕೆ ಹೋಗ್ತೀನಿ ಅಂದ್ರೆ ನಾನು ನಗ್ತೀನಿ, ಬೇಸಿಗೇಲಿ ಕಬಿನಿ ಹಿನ್ನೀರಿಗೆ ಹೋಗಿ, ಹಿಂಡುಗಟ್ಲೆ ಸಿಗತ್ತೆ. ಮೋಲೆ ಪಾರ್ಕಿನ ವಿಶೇಷ ಬೇರೆ, ಅಲ್ಲಿ ಬಂದೂಕು ಹಿಡಿದ ರೇಂಜರ್ ಜೊತೆ ನಡ್ಕೊಂಡೇ ಹೋಗಿ ಆನೆ ನೋಡ್ಬಹುದು. ಜೀಪಿನ ಎತ್ತರದಿಂದ ಕೆಳಗೆ ನೋಡ್ತಾ ತೆಗೆಯೋ ಫೋಟೋಗೂ ನೆಲದ ಮೇಲೆ ಮಂಡಿಯೂರಿ ತೆಗೆಯೋ ಫೋಟೋಗೂ ಎಷ್ಟು ವ್ಯತ್ಯಾಸ ಅಂತ ತೆಗೆದೋರಿಗೇ ಗೊತ್ತು. ಜನವರಿಯಿಂದ ಏಪ್ರಿಲ್ ಮೊದಲ ವಾರದವರೆಗೆ ಬೇರೆ ಕಡೆ ನೀರು ಒಣಗಿ ಗುಡ್ಡದ ಕೆಳಗಿನ ಹೊಂಡಕ್ಕೆ ಅವು ಬರ್ತವೆ, ಮೇಲಿರೋ ಲಾಡ್ಜ್ ಜಗುಲಿಯಿಂದಾನೇ ಕಾಣತ್ತೆ. 400ಎಂಎಂವರೆಗೆ ಹೋಗೋ ಝೂಮ್ ಘಾನಾದಲ್ಲಿ ಬೇಕಾಗೋದು ಇಲ್ಲೊಂದೇ ಕಡೆ.

ಹತ್ತಿರದಲ್ಲೇ ಲಾರಬಂಗಾ ಮಸೀದಿ, ಬಿಳಿ ಬಳಿದ ಮಣ್ಣಿನ ಕಟ್ಟಡ, ಗೋಡೆಯಿಂದ ಹೊರಗೆ ಚಾಚಿರೋ ಮರದ ಕೋಲುಗಳು. 1421ರದ್ದು ಅಂತ ಊರಿನವರು ಹೇಳ್ತಾರೆ. ಮುಸ್ಲಿಮರಲ್ಲದವರಿಗೆ ಒಳಗೆ ಪ್ರವೇಶ ಇಲ್ಲ, ಹೊರಗೆ ದೇಣಿಗೆ ಕೇಳೋರು ಒಬ್ಬರಾದ ಮೇಲೆ ಒಬ್ಬರು ಬರ್ತಾರೆ, ಒಬ್ಬರಿಗೆ ಕೊಟ್ಟು ರಸೀತಿ ತಗೊಂಡು ಮುಂದಿನವರಿಗೆ ಅದನ್ನೇ ತೋರಿಸಿ. ಉತ್ತರದ ತೊಂದರೆ ಏನಂದ್ರೆ ದೂರ. ಅಕ್ರಾದಿಂದ ಉತ್ತರದ ದೊಡ್ಡ ಊರು ಟಮಾಲೆಗೆ ವಿಮಾನದಲ್ಲಿ ಸುಮಾರು ಒಂದು ಗಂಟೆ, ಬಸ್ಸಲ್ಲಿ ಹೋದ್ರೆ ಹತ್ತಿರ ಹತ್ತಿರ ಒಂದು ಹಗಲು ಪೂರ್ತಿ, ಅಲ್ಲಿಂದ ಮೋಲೆಗೆ ಮತ್ತೆ ಎರಡು ಗಂಟೆ ಮೇಲೆ. ಹತ್ತು ದಿನದವರು ಹೋಗೋದಾದ್ರೆ ವಿಮಾನದಲ್ಲೇ ಹೋಗಿ, ಇಲ್ಲಾಂದ್ರೆ ಬಿಡಿ.

ಯಾವಾಗ ಹೋಗೋದು

ಎಲ್ಲರೂ ಹೇಳೋದು ಡಿಸೆಂಬರ್–ಜನವರಿ, ಮಳೆ ಇಲ್ಲ ಅಂತ. ನಿಜ, ಆದ್ರೆ ಆಗ ಸಹಾರಾದಿಂದ ಹರ್ಮಟ್ಟನ್ ಗಾಳಿ ಬೀಸತ್ತೆ, ಗಾಳಿ ತುಂಬ ನಯವಾದ ಧೂಳು, ಆಕಾಶ ನೀಲಿ ಹೋಗಿ ಹಾಲು ಚೆಲ್ಲಿದ ಹಾಗೆ. ಸೂರ್ಯ ಸಂಜೆ ನಾಲ್ಕೂವರೆಗೇ ಕೆಂಪು ಬಿಲ್ಲೆ ಆಗಿ ಕಣ್ಣಲ್ಲಿ ನೋಡೋ ಹಾಗಿರ್ತಾನೆ. ನೀಲಿ ಕಡಲು ನೀಲಿ ಆಕಾಶದ ಪೋಸ್ಟ್‌ಕಾರ್ಡ್ ಬೇಕು ಅನ್ನೋರಿಗೆ ಇದು ಶಾಪ, ಉತ್ತರದ ಬಯಲಲ್ಲಿ ಮರ, ಮನುಷ್ಯ, ಸೈಕಲ್ ಅಂತ ಮಬ್ಬು ಹಿನ್ನೆಲೇಲಿ ತೆಗೆಯೋರಿಗೆ ವರ. ಆ ಧೂಳಲ್ಲಿ ಹೊರಗೆ ನಿಂತು ಲೆನ್ಸ್ ಮಾತ್ರ ಬದಲಾಯಿಸ್ಬೇಡಿ.

ಕರಾವಳಿಗೆ ನನ್ನ ಆಯ್ಕೆ ಆಗಸ್ಟ್. ಮೇ–ಜೂನಿನ ಜೋರು ಮಳೆ ಮುಗಿದು, ಮುಂದಿನ ಮಳೆ ಶುರುವಾಗೋ ಮುಂಚೆ ಒಂದು ಪುಟ್ಟ ಬಿಡುವು ಇರತ್ತೆ, ಮೋಡ ಇರತ್ತೆ, ಸೆಕೆ ಕಮ್ಮಿ, ದಿನವಿಡೀ ಮೆತ್ತಗಿನ ಬೆಳಕು. ಜೇಮ್ಸ್‌ಟೌನ್‌ನಲ್ಲಿ 2011ರಲ್ಲಿ ಶುರುವಾದ ಚಾಲೆ ವೋಟೆ ಬೀದಿ ಕಲೆ ಹಬ್ಬನೂ ಗಾ ಜನರ ಹೊಮೊವೊ ಅನ್ನೋ ಸುಗ್ಗಿ ಹಬ್ಬನೂ ಆ ಹೊತ್ತಿಗೇ ಬರ್ತವೆ. ಹೊಮೊವೊಗೆ ಮುಂಚೆ, ಮೇ–ಜೂನ್ ಸುಮಾರಿಗೆ, ಅಕ್ರಾದಲ್ಲಿ ಒಂದು ತಿಂಗಳು ಡೋಲು ಬಾರಿಸೋಕೆ ಗದ್ದಲ ಮಾಡೋಕೆ ನಿಷೇಧ ಇರತ್ತೆ, ಚರ್ಚುಗಳು ಕೂಡ ಸ್ಪೀಕರ್ ಸದ್ದು ಇಳಿಸ್ಬೇಕು. ಸಂಗೀತ, ಕುಣಿತ ತೆಗೆಯೋಕೆ ಹೋಗೋರು ಆ ತಿಂಗಳು ತಪ್ಪಿಸಿ.

ಅಕ್ರಾ ಭೂಮಧ್ಯರೇಖೆಗೆ ಹತ್ತಿರ, ವರ್ಷಪೂರ್ತಿ ಹೆಚ್ಚುಕಮ್ಮಿ ಆರಕ್ಕೆ ಬೆಳಗಾಗತ್ತೆ, ಆರಕ್ಕೆ ಕತ್ತಲಾಗತ್ತೆ. ಸೂರ್ಯ ನೇರ ಮುಳುಗಿ ಬಿಡ್ತಾನೆ, ಯುರೋಪಲ್ಲಿ ತೆಗೆದೋರು ಅಂದ್ಕೊಳ್ಳೋ ಒಂದು ಗಂಟೆ ಬಂಗಾರದ ಬೆಳಕೆಲ್ಲಾ ಇಲ್ಲಿಲ್ಲ, ಸೂರ್ಯ ಮುಳುಗಿದ್ಮೇಲಿನ ನೀಲಿ ಬೆಳಕಿನ ಹೊತ್ತು ಅಂತೂ ಟೀ ಕುಡಿಯೋದ್ರೊಳಗೆ ಮುಗಿದಿರತ್ತೆ. ಬೆಳಗ್ಗೆ ಒಂಬತ್ತರಿಂದ ಮೂರೂವರೆವರೆಗೆ ಬಿಸಿಲು ನೆತ್ತಿ ಮೇಲೆ, ಆಗ ಊಟ ಮಾಡಿ ಮಲಗಿ. ಅಲ್ಲಿನ ಮುದ್ದೆಗಳಾದ ಬಾಂಕು, ಫುಫು ತಿನ್ನಿ, ಮುದ್ದೆ ತಿನ್ನೋ ಜನ ನಾವು, ಅಗಿಯದೆ ನುಂಗೋದು ಯಾರೂ ಹೇಳ್ಕೊಡ್ಬೇಕಿಲ್ಲ.

ಫೋನಾ, ಕ್ಯಾಮೆರಾನಾ

ಇದಕ್ಕೆ ಜನ ತಲೆ ಕೆಡಿಸ್ಕೊಳ್ಳೋಷ್ಟು ಬೇಡ. ಕರಾವಳಿಗೆ 35ಎಂಎಂ ಲೆನ್ಸ್ ಒಂದೇ ಅಥವಾ 24–70 ಝೂಮ್. ಕುಮಾಸಿಗೆ ಅದೇ, ಅಕ್ವಾಸಿಡೆ ಇದ್ರೆ ಮಾತ್ರ ದೂರದ್ದನ್ನ ಹತ್ತಿರ ತರೋ 70–200, ಯಾಕಂದ್ರೆ ರಾಜರ ಹತ್ರ ಬಿಡಲ್ಲ. ಅಕ್ರಾದ ಮಕೋಲಾ ಮಾರ್ಕೆಟ್ಟಿಗೆ ಫೋನು ಸಾಕು, ಅದೂ ಕೇಳಿ. ನಾನು ಅಲ್ಲಿ ಒಂದ್ಸಲ ಕೇಳ್ದೆ ದೊಡ್ಡ ಲೆನ್ಸ್ ಎತ್ತಿದ್ದಕ್ಕೆ ಟೊಮೇಟೊ ಮಾರೋ ಅಮ್ಮ ಒಬ್ಬರು ಇಡೀ ಸಾಲಿಗೆ ಕೇಳೋ ಹಾಗೆ ಉಗಿದ್ರು, ಆಮೇಲೆ ಅವರ ಹತ್ರಾನೇ ಎರಡು ಕೆಜಿ ಟೊಮೇಟೊ ತಗೊಂಡು ಬಂದೆ. ಡ್ರೋನ್‌ಗೆ ಅಲ್ಲಿನ ವಿಮಾನಯಾನ ಪ್ರಾಧಿಕಾರದ ಅನುಮತಿ ಬೇಕು, ರಜೆಗೆ ಹೋಗೋರು ಮನೇಲೇ ಬಿಟ್ಟು ಹೋಗಿ. ವಿಮಾನ ನಿಲ್ದಾಣ, ಸೈನಿಕರು, ಅಧ್ಯಕ್ಷರ ಜ್ಯೂಬಿಲಿ ಹೌಸ್ ಕಡೆ ಯಾವ ಕ್ಯಾಮೆರಾನೂ ತಿರುಗಿಸ್ಬೇಡಿ.

ಕ್ಯಾಮೆರಾ ಯಾವುದಾದ್ರೂ ಆಗ್ಲಿ, ಎಕ್ಸ್‌ಪೋಷರ್ ಮಾತ್ರ ಕಲ್ತು ಹೋಗಿ. ಕ್ಯಾಮೆರಾ ಒಳಗಿನ ಬೆಳಕಿನ ಮೀಟರ್ ಎದುರಿಗಿರೋದನ್ನೆಲ್ಲಾ ಮಧ್ಯಮ ಬೂದು ಮಾಡೋಕೆ ನೋಡತ್ತೆ. ಗಾಢ ಬಣ್ಣದ ಮುಖ ಫ್ರೇಮ್ ತುಂಬ ಇದ್ರೆ ಬೆಳಕು ಜಾಸ್ತಿ ಮಾಡಿ ಚರ್ಮ ಬೂದಿ ಬಳಿದ ಹಾಗೆ ಮಾಡತ್ತೆ, ಹಿಂದೆ ಬಿಳಿ ಆಕಾಶ ಇದ್ರೆ ಉಲ್ಟಾ, ಮುಖ ಮಸಿ. ಮೊದಲನೇದಕ್ಕೆ ಎಕ್ಸ್‌ಪೋಷರ್ ಅರ್ಧ ಸ್ಟಾಪ್ (ಬೆಳಕಿನ ಅರ್ಧ ಮೆಟ್ಟಿಲು) ಇಳಿಸಿ, ಎರಡನೇದಕ್ಕೆ ಮುಖದ ಮೇಲೆ ಸ್ಪಾಟ್ ಮೀಟರ್ (ಒಂದು ಪುಟ್ಟ ಜಾಗದ ಬೆಳಕು ಮಾತ್ರ ಅಳೆಯೋದು) ಇಡಿ ಅಥವಾ ಆಕಾಶಾನೇ ಫ್ರೇಮಿಂದ ಹೊರಗಿಡಿ. ನೇರ ಬಿಸಿಲಿಗಿಂತ ಬಾಗಿಲ ನೆರಳು, ಬಿಳಿ ಗೋಡೆಯಿಂದ ಬರೋ ಬೆಳಕು ಒಳ್ಳೇದು, ಕೆನ್ನೆ ಹಣೆ ಮೇಲೆ ದೊಡ್ಡ ನಯವಾದ ಹೊಳಪು ಕೂರತ್ತೆ, ಆ ಹೊಳಪಲ್ಲೇ ಮುಖದ ಆಕಾರ ಇರೋದು. ಫೋನಲ್ಲಿ ಬ್ಯೂಟಿ ಮೋಡ್ ಕಡ್ಡಾಯ ಆಫ್, ಅವರನ್ನ ಬೆಳ್ಳಗೆ ಮಾಡಿ ಅವರಿಗೇ ತೋರಿಸೋ ಅವಮಾನ ಬೇಡ.

ದುಡ್ಡು ಕೊಡೋದಾ, ಬೇಡ್ವಾ

ಅಲ್ಲಿ ಡ್ಯಾಶ್ ಅಂತಾರೆ, ಖುಷಿಗೆ ಕೊಡೋ ಕಾಸು. ಬೀದೀಲಿ ಸಿಕ್ಕವರಿಗೆಲ್ಲಾ ಫೋಟೋಗೆ ಇಷ್ಟು ಅಂತ ಕೊಡ್ತಾ ಹೋದ್ರೆ ಎಲ್ಲರೂ ಪೋಸ್ ಕೊಡೋಕೆ ನಿಂತ್ಕೋತಾರೆ, ಫೋಟೋ ಸತ್ತೋಗತ್ತೆ. ಕೊಡ್ದೇ ಇರೋದೂ ಸರಿ ಅಲ್ಲ, ನಾವು ಅವರ ಸಮಯ ತಗೊಂಡಿರ್ತೀವಿ. ನಾನು ಮಾಡಿದ್ದು ಇಷ್ಟು: ಮಾರೋರ ಹತ್ರ ಏನಾದ್ರೂ ಕೊಂಡ್ಕೊಳ್ಳೋದು, ನೇಕಾರರ ಹತ್ರ ಒಂದು ಪಟ್ಟಿಯಾದ್ರೂ ತಗೊಳ್ಳೋದು, ಜಿಮ್ಮಿಗೆ ಕೋಚ್ ಕೈಗೆ ಕೊಡೋದು, ಉಳಿದವರಿಗೆ ವಾಟ್ಸಾಪಲ್ಲಿ ಫೋಟೋ ಅವತ್ತೇ ರಾತ್ರಿ ಕಳಿಸೋದು. ತೆಗೆದ ತಕ್ಷಣ ಪ್ರಿಂಟ್ ಕೊಡೋ ಇನ್‌ಸ್ಟಾಕ್ಸ್ ಕ್ಯಾಮೆರಾ ಇಟ್ಕೊಂಡು ಹೋಗಿ ಅಲ್ಲೇ ಪ್ರಿಂಟ್ ಕೊಟ್ರೆ ಇನ್ನೂ ಒಳ್ಳೇದು, ಒಂದೇ ತೊಂದರೆ, ಐದು ನಿಮಿಷಕ್ಕೆ ಬೀದಿ ಮಕ್ಕಳೆಲ್ಲಾ ಸುತ್ತ ಸೇರಿರ್ತವೆ, ಫಿಲ್ಮ್ ಹತ್ತೇ ಇರತ್ತೆ. ಕೊಡೋದು ತಗೊಳ್ಳೋದು ಎಲ್ಲಾ ಬಲಗೈಯಲ್ಲಿ, ಎಡಗೈ ಚಾಚಿದ್ರೆ ನಮ್ಮೂರಿನ ಅಜ್ಜಿಗಿಂತ ಜಾಸ್ತಿ ಮುಖ ಸಿಂಡರಿಸ್ತಾರೆ. ಒಬ್ರೋನಿ ಅಂತ ಕೂಗಿದ್ರೆ ಪರದೇಶದವರೇ ಅಂತ ಅಷ್ಟೇ, ನಮಗೂ ಅದೇ ಹೆಸರು, ಬೇಜಾರು ಮಾಡ್ಕೋಬೇಡಿ, ತಿರುಗಿ ನಕ್ಕು "ಮೆದಾಸೆ" ಅಂದ್ರೆ ಅರ್ಧ ಅನುಮತಿ ಸಿಕ್ಕ ಹಾಗೆ, ಥ್ಯಾಂಕ್ಸ್ ಅಂತ ಅರ್ಥ.

ಗೈಡ್ ಬೇಕಾ ಅಂದ್ರೆ ಜೇಮ್ಸ್‌ಟೌನ್‌ಗೆ ಬೇಕು, ಅಲ್ಲೇ ಹುಟ್ಟಿ ಬೆಳೆದ ಹುಡುಗ ಒಬ್ಬ ಜೊತೆಗಿದ್ರೆ ಹತ್ತು ಕಡೆ ಕಾಸು ಕೀಳೋರು ದೂರ ಇರ್ತಾರೆ. ಎಲ್ಮಿನಾದಲ್ಲಿ ಎರಡನೇ ದಿನದಿಂದ ಬೇಕಾಗಲ್ಲ.

ಹಳದಿ ಜ್ವರದ ಲಸಿಕೆ ಕಾರ್ಡ್ ಇಲ್ಲಾಂದ್ರೆ ಘಾನಾ ಒಳಗೆ ಬಿಡಲ್ಲ, ವಾಪಸ್ ಬರುವಾಗ ಇಲ್ಲಿ ನಮ್ಮೋರೂ ಆರು ದಿನ ಕ್ವಾರಂಟೈನ್ ಹಾಕ್ತಾರೆ, ಹೊರಡೋಕೆ ಕನಿಷ್ಠ ಹತ್ತು ದಿನ ಮುಂಚೆ ಹಾಕಿಸ್ಕೊಳ್ಳಿ, ಮಲೇರಿಯಾ ಮಾತ್ರೆ ಡಾಕ್ಟರ್ ಹತ್ರ ಕೇಳಿ. ಪ್ಲಗ್ ಮೂರು ಚಪ್ಪಟೆ ಪಿನ್ನಿನ ಬ್ರಿಟಿಷ್ ಮಾದರಿ. ಎಸಿ ರೂಮಿಂದ ಬೆಳಗ್ಗೆ ಕ್ಯಾಮೆರಾ ಹೊರಗೆ ತಂದ ತಕ್ಷಣ ಲೆನ್ಸ್ ಮಂಜು ಹಿಡಿಯತ್ತೆ, ರಾತ್ರಿನೇ ಬ್ಯಾಗನ್ನ ಬಾತ್‌ರೂಮಲ್ಲೋ ಎಸಿ ತಾಕದ ಮೂಲೆಯಲ್ಲೋ ಇಡಿ.

ಹತ್ತು ದಿನ ಆಗಸ್ಟಲ್ಲಿ ಸಿಕ್ಕಿದ್ರೆ ನಾನು ಮಾಡೋದು: ನಾಲ್ಕು ದಿನ ಜೇಮ್ಸ್‌ಟೌನ್, ನಾಲ್ಕು ದಿನ ಎಲ್ಮಿನಾದಲ್ಲೇ ರೂಮ್ ಮಾಡಿ ಒಂದು ಬೆಳಗ್ಗೆ ಮಾತ್ರ ಕೇಪ್ ಕೋಸ್ಟ್, ಉಳಿದ ಎರಡು ದಿನ ಮಳೆಗೂ ಟ್ರಾಫಿಕ್‌ಗೂ. ಜನವರಿಯಲ್ಲಿ ಸಿಕ್ಕಿದ್ರೆ ವಿಮಾನ ಹತ್ತಿ ಟಮಾಲೆಗೆ ಹೋಗ್ತೀನಿ. ಕುಮಾಸಿಗೆ ಅಕ್ವಾಸಿಡೆ ಭಾನುವಾರ ನಡುವೆ ಬರೋ ಹಾಗಿದ್ರೆ ಮಾತ್ರ, ಶುಕ್ರವಾರ ಹೋಗಿ ಸೋಮವಾರ ಬೋನ್ವೈರೆ ಮುಗಿಸ್ಕೊಂಡು ಬರೋದು. ಎಲ್ಮಿನಾದ ನಾಲ್ಕು ದಿನದಲ್ಲಿ ಒಂದು ಮಂಗಳವಾರ ಇರೋ ಹಾಗೆ ಟಿಕೆಟ್ ಮಾಡಿ, ಅವತ್ತು ಟ್ರೈಪಾಡ್ ಬೇಡ.